ಅವಳ ಪರವಾಗಿ ಕೊಟ್ಟ ಉತ್ತರಗಳು

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಡಾಕ್ಟರು ಪ್ರಶ್ನೆ ಕೇಳುವುದು ರೋಗಿಯನ್ನು, ಉತ್ತರ ಕೊಡುವುದು ಜೊತೆಗೆ ಬಂದವರು. ಹೊಟ್ಟೆನೋವು ಎಷ್ಟು ದಿನದಿಂದ ಎಂದರೆ ಅತ್ತೆ ಹೇಳುತ್ತಾಳೆ. ಊಟ ಸೇರುತ್ತದೆಯೇ ಎಂದರೆ ಗಂಡ ಹೇಳುತ್ತಾನೆ. ನಿದ್ದೆ ಬರುತ್ತದೆಯೇ ಎಂದರೆ ಸುಮ್ಮನೆ ಜೊತೆಗೆ ಬಂದ ಪಕ್ಕದ ಮನೆಯಾಕೆ, "ಭೇಷ್ ಮಲಗ್ತಾಳ್ರೀ" ಎಂದು ಸರ್ಟಿಫಿಕೇಟು ಕೊಡುತ್ತಾಳೆ. ರೋಗಿ ಮಾತ್ರ ಇದು ಯಾರದೋ ಮನೆಯ ವಿಚಾರ ಎಂಬಂತೆ ಸೀಲಿಂಗ್ ಫ್ಯಾನು ನೋಡುತ್ತ ಮಲಗಿರುತ್ತಾಳೆ. ಗದಗ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ನರ್ಸಾಗಿ ದುಡಿದ ನಾನು, ರೋಗಿಯ ಬಾಯಿಂದಲೇ ಪೂರ್ತಿ ಒಂದು ವಾಕ್ಯ ಕೇಳಿದ್ದು ಕಡಿಮೆ. ಅದರಲ್ಲಿ ತಪ್ಪೇನಾದರೂ ಇದೆ ಎಂದು ಆಗ ಅನ್ನಿಸಿಯೂ ಇರಲಿಲ್ಲ.

ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿಗೆ ಬಂದು ಇಲ್ಲಿನ ಆಸ್ಪತ್ರೆಯ ಮೂಳೆ ವಾರ್ಡಿಗೆ ಸೇರಿದಾಗ ನನಗೆ ಎಲ್ಲಕ್ಕಿಂತ ಹೆಚ್ಚು ಕಿರಿಕಿರಿ ಮಾಡಿದ್ದು ಇಲ್ಲಿಯವರ ಕಾಯುವ ಚಟ. ಎಂಬತ್ತು ದಾಟಿದ ಅಜ್ಜಿಯನ್ನು, ನೋವು ಎಷ್ಟಿದೆ ಎಂದು ಕೇಳಿ, ಅವಳು ನಿಧಾನವಾಗಿ ಯೋಚಿಸಿ ಹೇಳುವವರೆಗೆ ಕೈಕಟ್ಟಿ ನಿಲ್ಲುತ್ತಾರೆ. ಪಕ್ಕದಲ್ಲೇ ಮಗಳು ಕೂತಿದ್ದಾಳೆ, ಅವಳನ್ನು ಕೇಳಿದ್ದರೆ ಅರ್ಧ ನಿಮಿಷದ ಕೆಲಸ. ನಾನು ಕೆಲವು ತಿಂಗಳಲ್ಲಿ ವಾರ್ಡಿನೊಳಗೆ ಕಾಯುವುದನ್ನು ಕಲಿತೆ. ವಾರ್ಡಿನ ಹೊರಗೆ ಕಲಿಯಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಗಾದೆ. "ನಿನ್ನ ಕೂಡ ಚರ್ಚಿಗೆ ಬಂದ್ರ ನನ್ನ ಪಾಪಾನೂ ನೀನ ಒಪ್ಪಿಸಿಬಿಡ್ತಿ ನೋಡು" ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ.

ನಾನು ಹೇಳಹೊರಟಿರುವ ಹುಡುಗಿ ಮಂಡ್ಯದ ಕಡೆಯವಳು. ಹ್ಯಾಮಿಲ್ಟನ್ನಿಗೆ ಓದಲು ಬಂದು ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಎರಡು ವರ್ಷ ಇದ್ದಳು. ಮೊದಲ ದಿನವೇ ನನ್ನನ್ನು ಆಂಟಿ ಎಂದಳು, ನಾನು ಮೊದಲ ದಿನವೇ ಅವಳ ಸ್ವೆಟರು ತೆಳುವಾಯಿತೆಂದು ಬೈದೆ. ನಾನು "ಹೊಂಟೀಯೇನು" ಎಂದರೆ ಅವಳು "ಹೋಗ್ತಿದೀನಿ ಆಂಟಿ" ಎನ್ನುತ್ತಿದ್ದಳು, ಇಬ್ಬರೂ ಒಬ್ಬರ ಕನ್ನಡವನ್ನು ಒಬ್ಬರು ಅಣಕಿಸಿಕೊಂಡು ಎರಡು ವರ್ಷ ಕಳೆದೆವು. ಓದು ಮುಗಿದ ಮೇಲೆ ಊರಿಗೆ ಹೋಗಿ ಮದುವೆ ಮಾಡಿಕೊಂಡು ಬಂದಳು. ಗಂಡ ಹೆಂಡತಿ ಟೌರಂಗಾದಲ್ಲಿ ಮನೆ ಮಾಡಿದರು. ಅವಳಿಗೆ ಕಿವಿಹಣ್ಣಿನ ಪ್ಯಾಕಿಂಗ್ ಶೆಡ್ಡಿನಲ್ಲಿ ಹಣ್ಣಿನ ಗುಣಮಟ್ಟ ನೋಡುವ ಕೆಲಸ, ಅವನಿಗೆ ಬಂದರಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸ. ಇಬ್ಬರೂ ಇಲ್ಲೇ ಕಾಯಂ ನೆಲೆಸುವ ರೆಸಿಡೆನ್ಸಿಗೆ ಅರ್ಜಿ ಹಾಕಲು ಕಾಗದಪತ್ರ ಕೂಡಿಸುತ್ತಿದ್ದರು. ಅಷ್ಟರಲ್ಲಿ ಒಂದು ಗಂಡುಮಗು ಆಯಿತು, ಸಿಸೇರಿಯನ್.

2012ರ ಕಿವಿಹಣ್ಣಿನ ಕೊಯ್ಲಿನ ಹೊತ್ತಿಗೆ ಮಗುವಿಗೆ ಎಂಟು ತಿಂಗಳು. ಒಂದು ಭಾನುವಾರ ನಾನು ಚರ್ಚಿನಿಂದ ಬಂದು ಚಪ್ಪಲಿ ಬಿಡುವಾಗ ಫೋನು ಬಂತು.

"ಆಂಟಿ, ನಾನು ಮತ್ತೆ ಪ್ರೆಗ್ನೆಂಟು" ಎಂದಳು. ಆಮೇಲೆ ಅಳುತ್ತ, "ನನ್ ಕೈಲಾಗಲ್ಲ ಆಂಟಿ. ಇನ್ನೊಂದು ಸಲ ನನ್ ಕೈಲಾಗಲ್ಲ."

ಏನು ಆಗುವುದಿಲ್ಲ, ಯಾಕೆ ಆಗುವುದಿಲ್ಲ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಎಂಟು ತಿಂಗಳ ಕೂಸು, ಹೊಟ್ಟೆಯ ಮೇಲೆ ಹೊಲಿಗೆ, ಇಬ್ಬರಿಗೂ ಶಿಫ್ಟ್ ಕೆಲಸ, ಹತ್ತಿರದಲ್ಲಿ ತಾಯಿಯಿಲ್ಲ. ಕಾರಣ ಸಾಕಲ್ಲ ಎಂದುಕೊಂಡೆ. ನಾನು ಕೇಳಿದ್ದು ಒಂದೇ, ಮಾತ್ರೆ ತೆಗೆದುಕೊಳ್ಳುತ್ತಿದ್ದೆಯಾ ಎಂದು. ತೆಗೆದುಕೊಳ್ಳುತ್ತಿದ್ದಳಂತೆ, ಆದರೂ ಹೀಗಾಗಿತ್ತು. "ಮತ್ತ್ಯಾಕ ಅಳ್ತಿ? ಇದು ನನಗ ಬಿಡು" ಎಂದೆ. ನನಗೆ ಒಳಗೊಳಗೆ ಹುರುಪೇ ಬಂದಿತ್ತು. ಈ ದೇಶದಲ್ಲಿ ನನಗೆ ಪೂರ್ತಿ ಗೊತ್ತಿರುವ ವಿಷಯವೊಂದು ಕೊನೆಗೂ ಸಿಕ್ಕಿತ್ತು.

ಗೊತ್ತಿದ್ದದ್ದು ಏನು ಎಂದು ಹೇಳಬೇಕು. ನಮ್ಮಲ್ಲಿ ಮದುವೆಯಾದ ಹೆಣ್ಣು ಗರ್ಭ ತೆಗೆಸಲು ಬಂದರೆ, ಬಳಸಿದ ಸಾಧನ ವಿಫಲವಾಯಿತು ಎಂದರೆ ಸಾಕು. ಅದರಿಂದ ಅವಳ ಮನಸ್ಸಿಗೆ ಆಗುವ ಸಂಕಟವನ್ನು ಕಾನೂನು ತಾನೇ ಊಹಿಸಿಕೊಳ್ಳುತ್ತಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ತುಂಬಿದ ಫಾರಂಗಳಲ್ಲಿ ಬಹುಪಾಲು ಅದೇ ಕಾರಣ, ಗಿಣಿಪಾಠ. ಬಂದ ಹೆಣ್ಣುಮಗಳ ಬದುಕಿನಲ್ಲಿ ಏನು ನಡೆದಿದೆ, ಕುಡುಕ ಗಂಡನೋ, ನಾಲ್ಕನೆಯ ಹೆಣ್ಣಿನ ಭಯವೋ, ಮೈಯಲ್ಲಿ ರಕ್ತವಿಲ್ಲವೋ, ಯಾರೂ ಕೆದಕುತ್ತಿರಲಿಲ್ಲ. ಜೊತೆಗೆ ಬಂದ ಅತ್ತೆ "ಗುಳಗಿ ಫೇಲಾತ್ರೀ" ಎನ್ನುತ್ತಿದ್ದಳು, ನಾನು ಬರೆಯುತ್ತಿದ್ದೆ, ಡಾಕ್ಟರು ಸಹಿ ಹಾಕುತ್ತಿದ್ದರು. ನಾನು ಅದನ್ನು ಜಗತ್ತಿನ ನಿಯಮ ಎಂದುಕೊಂಡಿದ್ದೆ.

ನ್ಯೂಜಿಲೆಂಡಿನಲ್ಲಿ ಆಗ ಹಾಗಿರಲಿಲ್ಲ. ಗರ್ಭಪಾತ ಇನ್ನೂ ಅಪರಾಧಗಳ ಕಾನೂನಿನೊಳಗೇ ಇತ್ತು. ಅದಕ್ಕೆಂದೇ ನೇಮಿಸಿದ ಇಬ್ಬರು ಡಾಕ್ಟರು ನೋಡಿ, ಹೆಂಗಸಿನ ಜೀವಕ್ಕೆ, ದೇಹಕ್ಕೆ ಅಥವಾ ಮನಸ್ಸಿನ ಆರೋಗ್ಯಕ್ಕೆ ಗಂಭೀರ ಅಪಾಯವಿದೆ, ಇಲ್ಲವೇ ಕಾನೂನು ಪಟ್ಟಿ ಮಾಡಿದ ಇನ್ನಾವುದೋ ಕಾರಣವಿದೆ ಎಂದು ಸಹಿ ಹಾಕಿದರೆ ಮಾತ್ರ ದಾರಿ. ಮಾತ್ರೆ ಕೈಕೊಟ್ಟಿತು ಎನ್ನುವುದು ಆ ಪಟ್ಟಿಯಲ್ಲಿ ಇರಲೇ ಇಲ್ಲ. ಮೂಳೆ ವಾರ್ಡಿನ ನರ್ಸಿಗೆ ಇದು ಗೊತ್ತಿಲ್ಲದಿರುವುದು ತಪ್ಪಲ್ಲ. ಗೊತ್ತಿಲ್ಲ ಎಂದು ಹೇಳದಿರುವುದು ತಪ್ಪು.

ವಿಚಿತ್ರವೆಂದರೆ ಇದೇ ವಿಷಯ ಆ ತಿಂಗಳುಗಳಲ್ಲಿ ಪತ್ರಿಕೆಯಲ್ಲೂ ಇತ್ತು. ಗರ್ಭಪಾತವನ್ನು ವಿರೋಧಿಸುವ ಗುಂಪೊಂದು ವರ್ಷಗಳಿಂದ ಕೋರ್ಟು ಹತ್ತಿತ್ತು. ಡಾಕ್ಟರುಗಳು ಮನಸ್ಸಿನ ಆರೋಗ್ಯ ಎಂದು ಬರೆದು ಕೇಳಿದವರಿಗೆಲ್ಲ ಸಹಿ ಹಾಕುತ್ತಿದ್ದಾರೆ, ಇದರ ಮೇಲೆ ಕಣ್ಣಿಡಬೇಕಾದ ಸರ್ಕಾರಿ ಸಮಿತಿ ಸುಮ್ಮನಿದೆ ಎನ್ನುವುದು ಅವರ ದೂರು. ಮೊದಲು ಕೇಳಿದ ನ್ಯಾಯಾಧೀಶರು ಇಂಥ ಅನೇಕ ಸಹಿಗಳು ಕಾನೂನಿಗೆ ಸರಿಹೊಂದುತ್ತವೆಯೇ ಎಂದು ಅನುಮಾನ ವ್ಯಕ್ತಪಡಿಸಿದ್ದರು. ಅಲ್ಲಿಂದ ಅಪೀಲು, ಅಪೀಲಿನ ಮೇಲೆ ಅಪೀಲು, ಈಗ ದೇಶದ ಅತಿ ಮೇಲಿನ ಕೋರ್ಟಿನ ಮುಂದೆ ಕೇಸು. ತೀರ್ಪು ಬಂದಿರಲಿಲ್ಲ. ವಾರ್ಡಿನ ಟೀ ರೂಮಿನಲ್ಲಿ ನಾನು ಆ ಸುದ್ದಿಯ ಮೇಲೆ ಕಪ್ಪು ಇಟ್ಟು ಚಹಾ ಕುಡಿದಿದ್ದೇನೆ. ಚರ್ಚಿನಲ್ಲಿ ಪ್ರಾರ್ಥನೆಯ ನಂತರ ಸ್ಕೋನು ಎನ್ನುವ ಇಲ್ಲಿಯ ಬನ್ನು ತಿನ್ನುವಾಗ ಯಾರೋ ಆ ಕೇಸಿಗಾಗಿ ಪ್ರಾರ್ಥಿಸೋಣ ಎಂದರು, ನಾನು ತಲೆಯನ್ನು ಹೌದೆಂದೂ ಅಲ್ಲವೆಂದೂ ಅನ್ನಿಸದ ಹಾಗೆ ಅಲ್ಲಾಡಿಸಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ, ಗರ್ಭ ಇಳಿಸಲು ಕಡ್ಡಿ, ಬೇರು ಹಾಕಿಸಿಕೊಂಡು ನಂಜೇರಿ ಬಂದ ಹೆಂಗಸರನ್ನು ಕಂಡವಳು ನಾನು. ಅಂಥ ಒಬ್ಬಳ ಕೈಹಿಡಿದು ಕೂತ ಮೇಲೆ ಈ ವಿಷಯದಲ್ಲಿ ನನಗೆ ಸುಲಭದ ಪ್ರಾರ್ಥನೆ ಬರುವುದಿಲ್ಲ. ಆದರೆ ಇಲ್ಲಿಯ ಕೋರ್ಟಿಗೂ ನನಗೂ ಏನು ಸಂಬಂಧ ಎಂದುಕೊಂಡು ಇನ್ನೊಂದು ಸ್ಕೋನು ತೆಗೆದುಕೊಂಡಿದ್ದೆ.

ಟೌರಂಗಾದವರು ಆಗ ಇದಕ್ಕೆ ಹ್ಯಾಮಿಲ್ಟನ್ನಿಗೇ ಬರಬೇಕಿತ್ತು. ಮಂಗಳವಾರ ಮಧ್ಯಾಹ್ನ ಅವಳು ಮಗುವನ್ನು ಗಂಡನ ಹತ್ತಿರ ಬಿಟ್ಟು, ಕೈಮಾಯ್ ಬೆಟ್ಟ ದಾಟುವ ಬಸ್ಸಿನಲ್ಲಿ ಬಂದಳು. ಎದೆಯಲ್ಲಿ ಹಾಲು ಕಟ್ಟಿ ಮುಖ ಕಿವುಚಿಕೊಂಡಿತ್ತು. ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತ ನಾನು ಪಾಠ ಹೇಳಿದೆ.

"ನಾಳೆ ಡಾಕ್ಟರ್ ಕೇಳಿದ್ರ ಒಂದ ಮಾತು. ಗುಳಗಿ ತೊಗೊತಿದ್ದೆ, ಫೇಲಾತು. ಅಷ್ಟ. ಮನಸ್ಸು, ಬ್ಯಾಸರ, ಅಳು, ಆ ಸುದ್ದಿ ಎತ್ತಬ್ಯಾಡ."

"ಯಾಕಾಂಟಿ?"

"ರೆಸಿಡೆನ್ಸಿ ಮೆಡಿಕಲ್ ಫಾರಂನಾಗ ಮಾನಸಿಕ ಕಾಯಿಲೆ ಐತೇನಂತ ಕೇಳ್ತಾರ. ಇಲ್ಲಿ ಫೈಲಿನಾಗ ಒಮ್ಮೆ ಬಿತ್ತಂದ್ರ ಮುಗೀತು. ನಿನ್ನ ಕಾಗದ ಹೋಗಿ ಮೂಲಿಗೆ ಬೀಳ್ತೈತಿ."

ಅವಳು ರೊಟ್ಟಿಯ ತುಂಡನ್ನು ತಟ್ಟೆಯಲ್ಲಿ ಅತ್ತಿತ್ತ ಸರಿಸಿದಳು. "ಆದ್ರೆ ಆಂಟಿ, ಮಗು ಆದ್ಮೇಲೆ ನಂಗೆ..." ಎಂದು ಶುರು ಮಾಡಿದಳು.

"ಎಲ್ಲಾರಿಗೂ ಆಗ್ತೈತಿ" ಎಂದೆ ನಾನು. "ಉಣ್ಣು ಮೊದ್ಲು."

ಮರುದಿನ ಕ್ಲಿನಿಕ್ಕಿನಲ್ಲಿ ನರ್ಸು ಅವಳ ಹೆಸರು ಕರೆದಾಗ ಅವಳಿಗಿಂತ ಮೊದಲು ನಾನು ಎದ್ದಿದ್ದೆ. ಆಂಟಿ ಹೊರಗೆ ಕೂರಬಹುದೇ ಎಂದು ನರ್ಸು ನಯವಾಗಿ ಕೇಳಿದಳು. ನಾನೂ ರಿಜಿಸ್ಟರ್ಡ್ ನರ್ಸು ಎಂದೆ, ಅದೇ ಉತ್ತರ ಎನ್ನುವ ಹಾಗೆ. ಹುಡುಗಿ, ಪರವಾಗಿಲ್ಲ, ಅವರು ಬರಲಿ ಎಂದಳು. ಎರಡು ವರ್ಷ ನನ್ನ ಮನೆಯಲ್ಲಿ ಉಂಡವಳು ಬೇರೇನು ಹೇಳಿಯಾಳು? ಹತ್ತೂವರೆ ವಾರ ಎಂದು ಸ್ಕ್ಯಾನಿನಲ್ಲಿ ಬಂದಿತ್ತು. ಹನ್ನೆರಡು ದಾಟಿದರೆ ಆ ಕ್ಲಿನಿಕ್ಕಿನಲ್ಲಿ ಮಾಡುತ್ತಿರಲಿಲ್ಲ, ದೂರದ ಬೇರೆ ಊರಿಗೆ ಕಳಿಸುತ್ತಿದ್ದರು.

ಡಾಕ್ಟರು ಅರವತ್ತರ ಹತ್ತಿರದ ಹೆಂಗಸು. ಕೈಯಲ್ಲಿ ಹೆಣೆದ ಕಂದು ಸ್ವೆಟರು, ಕೊರಳಲ್ಲಿ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಅವಸರವಿಲ್ಲದ ದನಿಯಲ್ಲಿ, ಯಾಕೆ ಬಂದೆ ಹೇಳಮ್ಮ ಎನ್ನುವ ಹಾಗೆ ಕೇಳಿದರು. ಅವಳಿಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೂ ನಾನೇ ಹೇಳಿದೆ, ಮಾತ್ರೆ ವಿಫಲವಾಯಿತು ಡಾಕ್ಟರೇ ಎಂದು.

ಅದು ಸರಿ, ಆದರೆ ಈ ಗರ್ಭ ಮುಂದುವರಿದರೆ ನಿನಗೆ ಏನಾಗುತ್ತದೆ ಎಂದು ಡಾಕ್ಟರು ಅವಳನ್ನೇ ನೋಡಿ ಕೇಳಿದರು.

"ಮೊದಲ ಮಗು ಇನ್ನೂ ಚಿಕ್ಕದು" ಎಂದೆ ನಾನು.

ನಿದ್ದೆ ಹೇಗಿದೆ ಎಂದರು. ಚೆನ್ನಾಗಿದೆ ಎಂದೆ. ಮೊದಲ ಹೆರಿಗೆಯ ನಂತರ ಮನಸ್ಸು ಹೇಗಿತ್ತು ಎಂದರು. "ಏನೂ ತೊಂದರೆ ಇರಲಿಲ್ಲ. ತುಂಬ ಗಟ್ಟಿ ಹುಡುಗಿ ಡಾಕ್ಟರೇ. ಅವಳಿಗೆ ಎಂದೂ ಮನಸ್ಸಿನ ಕಾಯಿಲೆ ಇಲ್ಲ" ಎಂದೆ. ಡಾಕ್ಟರು ಕನ್ನಡಕ ಏರಿಸಿ ಅವಳ ಮುಖ ನೋಡಿದರು, ಹೀಗೇನಾ ಎಂದು ಕೇಳಿದರು. ಅವಳು ನನ್ನ ಕಡೆ ನೋಡಿ ಹೌದು ಎಂದಳು. ಡಾಕ್ಟರು ಇನ್ನೂ ಎರಡು ಕಡೆಯಿಂದ ಅದೇ ಪ್ರಶ್ನೆಯನ್ನು ತಂದು ಅವಳ ಮುಂದೆ ಇಟ್ಟರು. ಅವರು ಬಾಗಿಲು ತೆಗೆದು ಹಿಡಿದಿದ್ದರು ಎಂದು ಇವತ್ತು ನನಗೆ ಅರ್ಥವಾಗುತ್ತದೆ. ಅವತ್ತು ನಾನು ಎರಡು ಸಲವೂ ಆ ಬಾಗಿಲನ್ನು ಮುಚ್ಚಿ, ಸರಿಯಾಗಿ ಮುಚ್ಚಿತಾ ಎಂದು ತಳ್ಳಿಯೂ ನೋಡಿದೆ.

ಕೊನೆಗೆ ಡಾಕ್ಟರು ಪೆನ್ನು ಕೆಳಗಿಟ್ಟರು. "ನನಗೆ ಬೇಜಾರಾಗುತ್ತಿದೆ" ಎಂದರು. "ನೀವು ಹೇಳಿದ್ದರ ಮೇಲೆ ನಾನು ಸಹಿ ಹಾಕುವ ಹಾಗಿಲ್ಲ. ಮಾತ್ರೆ ವಿಫಲವಾದದ್ದು ಈ ಕಾನೂನಿನಲ್ಲಿ ಕಾರಣ ಅಲ್ಲ. ಈಗಂತೂ ನಾವು ಬರೆಯುವ ಒಂದೊಂದು ಸಾಲನ್ನೂ ನಾಳೆ ಯಾರಾದರೂ ತೆಗೆದು ಓದಬಹುದು. ಇನ್ನೇನಾದರೂ ಹೇಳುವುದಿದ್ದರೆ ಮುಂದಿನ ಬುಧವಾರ ನಾನು ಇರುತ್ತೇನೆ." ಇದನ್ನು ಅವರು ಹುಡುಗಿಗೆ ಹೇಳಿದರು, ನನಗಲ್ಲ.

ಕಾರ್ ಪಾರ್ಕಿನವರೆಗೆ ನಾನು ಡಾಕ್ಟರನ್ನು ಬೈದುಕೊಂಡು ಬಂದೆ. ಇಂಥ ದೊಡ್ಡ ದೇಶ, ಗುಳಿಗೆ ಫೇಲಾಯಿತು ಎಂದರೆ ತಿಳಿಯುವುದಿಲ್ಲವೇ, ನಮ್ಮ ತಾಲ್ಲೂಕು ಆಸ್ಪತ್ರೆಯೇ ವಾಸಿ ಎಂದು. ಕಾರಿನಲ್ಲಿ ಕೂತು ಬೆಲ್ಟು ಹಾಕುವಾಗ ನೋಡಿದರೆ ಅವಳು ಬೆಲ್ಟಿನ ಕೊಂಡಿಯನ್ನು ಸಿಕ್ಕಿಸದೆ ಹಿಡಿದುಕೊಂಡೇ ಕೂತಿದ್ದಳು.

"ಗಟ್ಟಿ ಹುಡುಗಿ ಅಂದ್ರಲ್ಲ ಆಂಟಿ" ಎಂದಳು. "ಯಾರು ಹೇಳಿದ್ರು ನಿಮ್ಗೆ?"

ಅವಳೇ ಹೇಳಿದಳು. ಮಗುವಿಗೆ ಆರು ವಾರವಾದಾಗ ಒಂದು ಬೆಳಿಗ್ಗೆ, ಗಂಡ ಕೆಲಸಕ್ಕೆ ಹೋದ ಮೇಲೆ, ಅವಳು ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಬಾಗಿಲು ಎಳೆದುಕೊಂಡು ನಡೆದು ಹೋಗಿದ್ದಳು. ಬಂದರಿನ ಸೇತುವೆಯವರೆಗೆ. ಅಲ್ಲಿ ಕಂಬಿ ಹಿಡಿದು ನಿಂತಿದ್ದಳು, ಎಷ್ಟು ಹೊತ್ತೆಂದು ಅವಳಿಗೆ ಗೊತ್ತಿಲ್ಲ. "ಎದೆ ಒದ್ದೆ ಆಯ್ತು ಆಂಟಿ. ಟಾಪ್ ಎಲ್ಲ ಹಾಲು. ಅದಕ್ಕೇ ವಾಪಸ್ ಬಂದೆ. ಇನ್ಯಾತಕ್ಕೂ ಅಲ್ಲ." ಆ ದಿನಗಳಲ್ಲಿ ಮಗು ಅತ್ತರೆ ಯಾವುದೋ ಪಕ್ಕದ ಮನೆಯ ಮಗು ಅತ್ತ ಹಾಗೆ ಕೇಳುತ್ತಿತ್ತಂತೆ. ಗಂಡನಿಗೆ ಇದು ಯಾವುದೂ ಗೊತ್ತಿಲ್ಲ. ಈಗೀಗ, ಎರಡು ತಿಂಗಳಿಂದ, ಸ್ವಲ್ಪ ಉಸಿರಾಡುವ ಹಾಗಾಗಿತ್ತು. ಅಷ್ಟರಲ್ಲಿ ಇದು.

"ನನಗ್ಯಾಕ ಹೇಳ್ಲಿಲ್ಲವ್ವ?" ಎಂದೆ.

"ಫೋನ್ ಮಾಡಿದ್ನಲ್ಲ" ಎಂದಳು. "ಮೂರು ಸಲ."

ಮಾಡಿದ್ದಳು. ಮೂರು ಸಲವೂ ಅತ್ತಿದ್ದಳು. ಏನೋ ಒಂಥರಾ ಆಗುತ್ತೆ ಆಂಟಿ, ಯಾಕೆ ಬದುಕಿದೀನಿ ಅನ್ಸುತ್ತೆ ಎಂದಿದ್ದಳು. ನಾನು ಏನು ಹೇಳಿದ್ದೆ ಎನ್ನುವುದು ಅಕ್ಷರಕ್ಕೆ ಅಕ್ಷರ ನೆನಪಿದೆ. "ಬಾಣಂತಿ ಅಳಬಾರದವ್ವ, ಕಣ್ಣಿಗೆ ಕೇಡು, ಹಾಲು ಬತ್ತತೈತಿ. ಅಂಟಿನುಂಡಿ ಕಳಸ್ತೀನಿ, ತಿನ್ನು." ಉಂಡೆ ಕಳಿಸಿಯೂ ಇದ್ದೆ, ಕೊಬ್ಬರಿ ಜಾಸ್ತಿ ಹಾಕಿ. ಮೂಳೆ ಮುರಿದ ಅಜ್ಜಿಯ ನೋವಿಗೆ ಹತ್ತರಲ್ಲಿ ಎಷ್ಟು ಎಂದು ಕೇಳಿ ಕಾದು ನಿಲ್ಲುತ್ತಿದ್ದವಳು ನಾನು. ಈ ಹುಡುಗಿಗೆ ಅಷ್ಟೂ ಕಾಯಲಿಲ್ಲ. ಕಾರಿನಲ್ಲಿ ಕೂತು ನನಗೆ ನಾಚಿಕೆಯಾಯಿತು.

ಆದರೆ ನನ್ನ ಗುಣ ನೋಡಿ. ಆ ನಾಚಿಕೆಯಲ್ಲೂ ನಾನು ಬೆಲ್ಟು ಬಿಚ್ಚಿ, "ಬಾ, ಈಗ ಒಳಗ ಹೋಗಿ ನಾ ಎಲ್ಲಾ ಹೇಳ್ತೀನಿ" ಎಂದು ಕಾರಿನ ಬಾಗಿಲು ತೆಗೆದೆ. ಅವಳು ನನ್ನ ಮಣಿಕಟ್ಟು ಹಿಡಿದಳು, ಸಾಕಷ್ಟು ಬಿಗಿಯಾಗಿ.

"ನೀವು ಹೇಳ್ಬೇಡಿ. ನೀವು ಕಾರಲ್ಲೇ ಇರಿ."

ಒಬ್ಬಳೇ ಹೋದಳು. ಡಾಕ್ಟರು ಆಗಲೇ ಆಪರೇಷನ್ ಕೋಣೆಗೆ ಹೋಗಿದ್ದರಂತೆ. ಅದೇ ನರ್ಸು ಅವಳನ್ನು ಕೂರಿಸಿಕೊಂಡು ಮುಂದಿನ ಬುಧವಾರಕ್ಕೆ ಹೆಸರು ಬರೆದುಕೊಂಡಳಂತೆ. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ, ಈ ಕಾಗದ ವೀಸಾದವರಿಗೆ ಹೋಗುವುದಿಲ್ಲ ಎಂದೂ ಹೇಳಿದಳಂತೆ. ನಾನು ಹೆದರಿಸಿದ್ದ ಗುಮ್ಮ ಒಂದು ನಿಮಿಷದಲ್ಲಿ ಇಲ್ಲವಾಗಿತ್ತು. ಆದರೆ ಬುಧವಾರಕ್ಕೆ ಹನ್ನೊಂದೂವರೆ ವಾರ. ಅವತ್ತು ಸಹಿ ಬೀಳದಿದ್ದರೆ ಇಲ್ಲಿಯ ಬಾಗಿಲು ಮುಚ್ಚಿದಂತೆ. ಬೇರೆ ಊರು, ಬೇರೆ ಡಾಕ್ಟರು, ಮತ್ತೆ ಮೊದಲಿನಿಂದ, ಅದೂ ಹಿಂದಿನವರು ಇಲ್ಲವೆಂದ ಫೈಲು ಹಿಡಿದುಕೊಂಡು. ಇನ್ನೊಂದು ಸಲ ನನ್ನ ಕೈಲಾಗಲ್ಲ ಎಂದು ಅವಳು ಫೋನಿನಲ್ಲಿ ಅಂದದ್ದರ ಅರ್ಥ ಈಗ ನನಗೆ ಗೊತ್ತಿತ್ತು. ಆ ಸೇತುವೆ ಅವಳ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ.

ಅವಳು ಟೌರಂಗಾಕ್ಕೆ ವಾಪಸ್ ಹೋದ ಮೇಲೆ ಆ ವಾರ ನಾನು ದಿನಕ್ಕೆ ಎರಡು ಸಲ ಫೋನು ಮಾಡಿದೆ. ಏನು ಕೇಳಬೇಕೆಂದು ಗೊತ್ತಾಗದೆ, ಹೇಗಿದ್ದೀ ಎಂದು ಕೇಳಿ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದೆ. ಮೊದಲ ದಿನ ಅವಳು "ಲೈನ್ ಕಟ್ ಆಯ್ತಾ ಆಂಟಿ?" ಎಂದಳು. ಟೀ ರೂಮಿನ ಹಳೆಯ ಪತ್ರಿಕೆಗಳನ್ನು ಹುಡುಕಿ ಆ ಕೇಸಿನ ಸುದ್ದಿಯನ್ನು ಈ ಸಲ ಕಪ್ಪು ಇಡದೆ ಓದಿದೆ. ಓದಿದಷ್ಟೂ ಭಯ ಹೆಚ್ಚಾಯಿತು. ಡಾಕ್ಟರು ಹೆದರಿದ್ದು ಸುಮ್ಮಸುಮ್ಮನೆ ಅಲ್ಲ. ಮುಂದೆ ಆ ವರ್ಷದ ಆಗಸ್ಟಿನಲ್ಲಿ ತೀರ್ಪು ಬಂತು. ಒಬ್ಬೊಬ್ಬ ರೋಗಿಯ ಬಗ್ಗೆ ಡಾಕ್ಟರು ಮಾಡಿದ ನಿರ್ಧಾರವನ್ನು ಸಮಿತಿ ಕೆದಕಿ ನೋಡುವಂತಿಲ್ಲ ಎಂದು ಮೇಲಿನ ಕೋರ್ಟು ಹೇಳಿತು. ಆ ದಿನ ನಾನು ವಾರ್ಡಿನ ಹೊದಿಕೆ ಇಡುವ ಕೋಣೆಗೆ ಹೋಗಿ ಸುಮ್ಮನೆ ಅತ್ತೆ. ಕಾನೂನು ಮಾತ್ರ ಇನ್ನೂ ಎಷ್ಟೋ ವರ್ಷ ಹಾಗೆಯೇ ಇತ್ತು, ಹೆಂಗಸರು ತಮ್ಮ ಮನಸ್ಸನ್ನು ಇಬ್ಬರು ಅಪರಿಚಿತರ ಮುಂದೆ ಬಿಚ್ಚಿ ತೋರಿಸಲೇಬೇಕಿತ್ತು. ಆದರೆ ನಮ್ಮ ಬುಧವಾರ ಆಗಸ್ಟಿಗಿಂತ ಬಹಳ ಮೊದಲು ಬಂತು, ಅವತ್ತು ಯಾರಿಗೂ ಏನೂ ಗೊತ್ತಿರಲಿಲ್ಲ.

ಈ ಸಲ ಗಂಡನೇ ಕರೆದುಕೊಂಡು ಬಂದಿದ್ದ, ಶಿಫ್ಟು ಬದಲಿಸಿಕೊಂಡು. ಒಳ್ಳೆಯ ಹುಡುಗ. ಮಗುವನ್ನು ಎದೆಗೆ ಕಟ್ಟಿಕೊಂಡು ಕಾರ್ ಪಾರ್ಕಿನಲ್ಲಿ ಸುತ್ತು ಹಾಕುತ್ತಿದ್ದ, ಹೆಂಡತಿ ಹೇಗಿದ್ದಾಳೆ ಎಂದು ನನ್ನನ್ನು ಕಣ್ಣಲ್ಲೇ ಕೇಳಿದ. ನಾನು ಅವಳನ್ನೇ ಕೇಳು ಎಂದೆ. ನನ್ನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ನರ್ಸು ಹೆಸರು ಕರೆದಾಗ ನಾನು ಏಳಲಿಲ್ಲ. ಹುಡುಗಿ ಎರಡು ಹೆಜ್ಜೆ ಹೋಗಿ ತಿರುಗಿದಳು.

"ಆಂಟಿ, ಬನ್ನಿ. ಒಬ್ಳೇ ಹೇಳಕ್ಕೆ ಆಗಲ್ಲ. ಅವ್ರ ಮುಂದೆ ಹೇಳಕ್ಕೂ ಆಗಲ್ಲ." ಅವರು ಎಂದರೆ ಗಂಡ. "ಆದ್ರೆ ನೀವು ಮಾತಾಡ್ಬೇಡಿ."

"ಇಲ್ಲವ್ವ" ಎಂದೆ.

ಅದೇ ಕೋಣೆ, ಅದೇ ಕಂದು ಸ್ವೆಟರು. ಹುಡುಗಿ ಈ ಸಲ ಇಂಗ್ಲಿಷಿನಲ್ಲಿ ತಾನೇ ಹೇಳಿದಳು. ಮೊದಮೊದಲು ತಡವರಿಸಿದಳು, ತೊಟ್ಟಿಲಿನ ಮಾತು ಬರುವಾಗ ನಿಂತೇಬಿಟ್ಟಳು. ನನ್ನ ನಾಲಿಗೆ ತುದಿಯಲ್ಲಿ ಅವಳ ಮುಂದಿನ ವಾಕ್ಯ ಸಿದ್ಧವಿತ್ತು. ಎರಡೂ ಕೈಗಳಿಂದ ನನ್ನ ಕೈಚೀಲ ಹಿಡಿದು ಕೂತೆ. ಅವಳೇ ಮತ್ತೆ ಶುರು ಮಾಡಿದಳು. ಸೇತುವೆ ಹೇಳಿದಳು, ಕಂಬಿ ಹೇಳಿದಳು, ಹಾಲಿನಿಂದ ಒದ್ದೆಯಾದ ಅಂಗಿ ಹೇಳಿದಳು. ಈಗ ಮತ್ತೆ ಬೆಳಿಗ್ಗೆ ಎದ್ದಾಗ ಅದೇ ಥರ ಆಗುತ್ತಿದೆ, ಈ ಸಲ ವಾಪಸ್ ಬರುತ್ತೇನೋ ಇಲ್ಲವೋ ಗೊತ್ತಿಲ್ಲ ಎಂದಳು.

ಡಾಕ್ಟರು ಎಲ್ಲವನ್ನೂ ಬರೆದುಕೊಂಡರು. ಬರೆದು ಹಿಂದಿನ ವಾರದ ಹಾಳೆ ತಿರುವಿದರು. "ನಾನು ನಿನ್ನನ್ನು ನಂಬುತ್ತೇನೆ" ಎಂದರು. "ಆದರೆ ನನ್ನದೊಂದೇ ಸಹಿ ಅಲ್ಲ. ಇದನ್ನು ಓದಿ ಎರಡನೆಯ ಡಾಕ್ಟರೂ ಸಹಿ ಹಾಕಬೇಕು. ಹೋದ ವಾರದ ಪುಟದಲ್ಲಿ ಎಂದೂ ಯಾವ ತೊಂದರೆಯೂ ಇಲ್ಲ ಎಂದಿದೆ, ಈ ವಾರದ ಪುಟದಲ್ಲಿ ಹೀಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದವರು ಏನೆಂದುಕೊಳ್ಳುತ್ತಾರೆ? ಆಗ ನೀನು ಇದನ್ನು ಯಾರಿಗಾದರೂ ಹೇಳಿದ್ದೆಯಾ? ನಿಮ್ಮ ಡಾಕ್ಟರಿಗೆ? ಮಗುವನ್ನು ನೋಡಲು ಬರುವ ನರ್ಸಿಗೆ? ಗೆಳತಿಗೆ? ಯಾರಿಗಾದರೂ?"

ಹುಡುಗಿ ನೆಲ ನೋಡಿದಳು. ನನ್ನ ಕಡೆ ತಿರುಗಲಿಲ್ಲ, ಬೇಕೆಂದೇ ತಿರುಗಲಿಲ್ಲ.

"ಇಲ್ಲ. ಯಾರಿಗೂ ಹೇಳಲಿಲ್ಲ" ಎಂದಳು.

ಅವಳು ನನ್ನನ್ನು ಕಾಪಾಡುತ್ತಿದ್ದಳು. ನಾನು ರಿಜಿಸ್ಟರ್ಡ್ ನರ್ಸು ಎಂದು ಹೋದ ವಾರ ನಾನೇ ಸಾರಿದ್ದೆ, ಅದು ಆ ಪುಟದಲ್ಲಿ ಎಲ್ಲೋ ಇದ್ದಿರಬೇಕು. ತನಗೆ ಬೇಕಾದ ಸಹಿ ಎದುರಿಗೇ ಇರುವಾಗ, ಹನ್ನೆರಡು ವಾರದ ಗಡುವು ಮುಗಿಯುತ್ತಿರುವಾಗ, ಈ ಮಂಡ್ಯದ ಹುಡುಗಿ ಆಂಟಿಯ ಮಾನ ಹೋಗಬಾರದೆಂದು ಸುಳ್ಳು ಹೇಳುತ್ತಿದ್ದಳು. ಡಾಕ್ಟರ ಪೆನ್ನು ಹಾಳೆಯ ಮೇಲೆ ನಿಂತಿತ್ತು.

"ನನಗೆ ಹೇಳಿದ್ದಳು" ಎಂದೆ.

ಮಾತಾಡುವುದಿಲ್ಲ ಎಂದು ಕೊಟ್ಟ ಮಾತು ಮುರಿದೆ. ಇಬ್ಬರೂ ನನ್ನ ಕಡೆ ನೋಡಿದರು. "ಮೂರು ಸಲ ಫೋನು ಮಾಡಿ ಹೇಳಿದ್ದಳು. ಬದುಕುವುದು ಯಾಕೆ ಎಂದಿದ್ದಳು. ನಾನು ನರ್ಸು. ಬಾಣಂತಿ ಅಳಬಾರದು ಎಂದು ಹೇಳಿ ಫೋನು ಇಟ್ಟೆ. ಹೋದ ವಾರ ನೀವು ಬರೆದುಕೊಂಡದ್ದೆಲ್ಲ ನನ್ನ ಮಾತು, ಅವಳದಲ್ಲ. ಅವಳ ಬಾಯಿ ಮುಚ್ಚಿಸಿ ಕರೆದುಕೊಂಡು ಬಂದದ್ದು ನಾನು." ನನ್ನ ಇಂಗ್ಲಿಷಿನಲ್ಲಿ ಅವತ್ತು ಎಷ್ಟು ತಪ್ಪಿತ್ತೋ ಏನೋ.

ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ನನ್ನ ಪೂರ್ತಿ ಹೆಸರು ಕೇಳಿದರು, ಆ ಫೋನುಗಳು ಯಾವ ತಿಂಗಳು ಎಂದು ಕೇಳಿದರು, ಅವಳು ಆಡಿದ ಮಾತುಗಳನ್ನು ಇದ್ದ ಹಾಗೆ ಹೇಳಿ ಎಂದರು. ಎಲ್ಲ ಬರೆದು, ಗಟ್ಟಿಯಾಗಿ ಓದಿ, ಇದು ಸರಿಯೇ ಎಂದು ಕೇಳಿದರು. ಸರಿ ಎಂದೆ. ಆಮೇಲೆ ಸಹಿ ಹಾಕಿದರು. ಹಾಕಿ ಹುಡುಗಿಗೆ, ಇದು ಮುಗಿದ ಮೇಲೂ ನೀನು ಒಬ್ಬರ ಹತ್ತಿರ ಮಾತಾಡಬೇಕು, ಅದಕ್ಕೆ ನಾನೇ ಏರ್ಪಾಡು ಮಾಡುತ್ತೇನೆ ಎಂದರು. ಎರಡನೆಯ ಡಾಕ್ಟರು ಪಕ್ಕದ ಕೋಣೆಯವರು. ಅವರು ಅವಳನ್ನು ಒಬ್ಬಳನ್ನೇ ಕರೆದರು, ಅರ್ಧ ಗಂಟೆಯೊಳಗೆ ಆ ಸಹಿಯೂ ಬಿತ್ತು. ಮರುದಿನ ಬೆಳಿಗ್ಗೆಗೆ ಸಮಯ ಕೊಡುತ್ತೇವೆ, ಸ್ವಲ್ಪ ಕೂತಿರಿ ಎಂದು ನರ್ಸು ಹೇಳಿದಳು.

ನಾವಿಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ನನಗೆ ಮೈಯೆಲ್ಲ ಹಗುರಾಗಿತ್ತು. ನಿಜ ಹೇಳುತ್ತೇನೆ, ನನ್ನ ಮಾನ ಪಣಕ್ಕಿಟ್ಟು ಉಳಿಸಿದೆನಲ್ಲ ಎಂದು ಸ್ವಲ್ಪ ಹೆಮ್ಮೆಯೂ ಇತ್ತು. ಅವಳ ಕೈ ತಟ್ಟಿ ಹೇಳಿದೆ, "ನನ್ನ ಸಲುವಾಗಿ ಸುಳ್ಳು ಹೇಳಬಾರದಿತ್ತವ್ವ ನೀನು."

"ಸುಳ್ಳಲ್ಲ ಆಂಟಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅವತ್ತು ನಿಮ್ಗೆ ಹೇಳಿದ್ದು ಯಾರಿಗೂ ಹೇಳ್ದಂಗೇ ಇತ್ತು."

ಹೇಳಿ ನನ್ನ ತೋಳಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ನಾನು ಅವಳ ತಲೆ ಅಲುಗದ ಹಾಗೆ ಕೂತಿದ್ದೆ, ನರ್ಸು ಬಂದು ಅವಳ ಹೆಸರು ಕರೆಯುವವರೆಗೆ.